ಹಂಸದ ಕೊರಳಿನ ಹೊಲಿಗೆ

ಬೆಳಗಿನ ಐದೂಕಾಲು. ಆಂಟಾಪ್ ಹಿಲ್‌ನ ಹಳೆಯ ಬಿಲ್ಡಿಂಗೊಂದರ ಮೆಟ್ಟಿಲ ಕೆಳಗೆ, ಆರಡಿ ಉದ್ದದ ಅಂಗಡಿಯಲ್ಲಿ ಗುರುಪಾದ ಬಿಳೂರ ಉಸಿರು ಬಿಗಿಹಿಡಿದು ಕುಳಿತಿದ್ದಾರೆ. ಕೈಯಲ್ಲಿ ನಾಲ್ಕೇ ಕೂದಲಿನ ಕುಂಚ. ಎದುರಿಗೆ ಯಾರದೋ ಅಜ್ಜನ ಫೋಟೊದ ನಕಲು. ಹುಳ ತಿಂದ ಎಡಗಿವಿಯನ್ನು ಬಲಗಿವಿ ನೋಡಿ ಮೂಡಿಸಬೇಕು. ಆರಕ್ಕೆ ಹಾಲಿನವರು ಮೆಟ್ಟಿಲು ಹತ್ತಿದರೆ ಮೇಜು ನಡುಗುತ್ತದೆ. ಅಷ್ಟರೊಳಗೆ ಕಿವಿ ಮುಗಿಯಬೇಕು.

“ಮುಖದ ಕೆಲಸ ನಸುಕಿನಾಗ, ಬಟ್ಟಿ ಕೆಲಸ ಮಧ್ಯಾಹ್ನ,” ಎನ್ನುತ್ತಾರೆ. “ಸೀರಿ ನಿರಿಗಿ ಒಂದು ಹೆಚ್ಚುಕಡಿಮಿ ಆದ್ರ ಯಾರೂ ಕೇಳಂಗಿಲ್ರಿ. ಕಣ್ಣು ಕೂದಲೆಳಿಯಷ್ಟು ಸರಿದ್ರ ಅಂವಾ ಬ್ಯಾರೆ ಮನಿ ಮನಷ್ಯಾ ಆಗ್ತಾನ.”

ಇಂಡಿ ಕಡೆಯ ಹಳ್ಳಿಯಿಂದ ಹದಿನೇಳನೆಯ ವಯಸ್ಸಿಗೆ ಮುಂಬಯಿಗೆ ಬಂದವರು. ಪರೇಲಿನ ಸ್ಟುಡಿಯೊ ಒಂದರಲ್ಲಿ ನೆಗೆಟಿವ್ ತೊಳೆಯುತ್ತ, ಅಲ್ಲಿನ ಹಿರಿಯರ ಕೈ ನೋಡಿಯೇ ಕುಂಚ ಹಿಡಿಯುವುದನ್ನು ಕಲಿತರು. ಬಟ್ಟೆ ಗಿರಣಿಗಳು ಮುಚ್ಚಿ ಗಿರಾಕಿಗಳು ಚದುರಿದ ಮೇಲೆ ಸ್ಟುಡಿಯೊಗೂ ಬೀಗ ಬಿತ್ತು. ಈಗ ಅರವತ್ಮೂರು; ಬಲಗಣ್ಣಿನ ಪೊರೆ ತೆಗೆಸಿದ್ದಾರೆ. ದಿನಕ್ಕೆ ಎರಡು ಫೋಟೊ ಬರುತ್ತವೆ. ಮಳೆಗಾಲ ಮುಗಿದಾಗ ಗಾಜಿಗೆ ಅಂಟಿಕೊಂಡವು, ಬೂಷ್ಟು ಹಿಡಿದವು ಎಂದು ಐದಾರಾಗುತ್ತವೆ. ಮಗಳು ಸ್ನೇಹಲ್ ಪವಾಯಿಯ ಆಫೀಸಿನಿಂದ ಬಂದು ಸಂಜೆ ಕಂಪ್ಯೂಟರಿನ ಕೆಲಸ ಮಾಡಿಕೊಡುತ್ತಾಳೆ.

ಗಲ್ಲಾದ ಮಗ್ಗುಲಲ್ಲಿ ಒಂದು ಉದ್ದ ಪುಸ್ತಕವಿದೆ. ಹಳೆಯ ಸ್ಟುಡಿಯೊಗಳಲ್ಲಿ ಜನರ ಹಿಂದೆ ಕಟ್ಟುತ್ತಿದ್ದ ಬಣ್ಣದ ಪರದೆಗಳ ಲೆಕ್ಕ ಅದರಲ್ಲಿ. ಮದುವೆ ಫೋಟೊದ ಹಿಂದೆ ಜನ ತಾರೀಖು ಬರೆದಿರುತ್ತಾರೆ. ಅಂಥದ್ದು ಕೈಗೆ ಬಂದರೆ ಗುರುಪಾದ ಪರದೆಯ ಚಿಕ್ಕ ನಕಲು ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯುತ್ತಾರೆ. ನಲವತ್ತೊಂದು ಪರದೆಗಳಾಗಿವೆ. ತಾರೀಖಿಲ್ಲದ ಫೋಟೊ ಬಂದರೆ ಮೊದಲು ತೆರೆಯುವುದು ಈ ಪುಸ್ತಕವನ್ನೇ.

ಆಷಾಢದಲ್ಲಿ ಪರೇಲಿನ ಚಾಳಿನಿಂದ ರಾಚವ್ವ ಬಂದರು. ಅರವತ್ತೆಂಟು ವಯಸ್ಸು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದೇ ಫೋಟೊ: ಕುರ್ಚಿಯ ಮೇಲೆ ತಾಯಿ ಹಾಲವ್ವ, ತೊಡೆಯ ಮೇಲೆ ಇನ್ನೂ ಕೊರಳು ನಿಲ್ಲದ ಕೂಸು, ಹಿಂದೆ ಕೆರೆ, ಹಂಸ. ರಾಚವ್ವ ಎಂಟು ತಿಂಗಳಿದ್ದಾಗ ತಾಯಿ ತೀರಿಹೋದರು. ೧೯೫೨ರಲ್ಲಿ ಹುಟ್ಟಿದ, ನಾಲ್ಕು ವರ್ಷ ದೊಡ್ಡವನಾದ ಅಣ್ಣ ಶೆಟ್ಟೆಪ್ಪ, ಫೋಟೊದಾಗಿನ ಕೂಸು ನಾನು, ಅವ್ವನ ತೊಡಿ ನಂದು, ನಿನಗೇನೈತಿ ಎಂದು ಜೀವನವಿಡೀ ಕಾಡಿಸುತ್ತಿದ್ದ. ಕಳೆದ ವರ್ಷ ಅವನೂ ಹೋದ. ಫೋಟೊ ತಂಗಿಯ ಕೈಗೆ ಬಂತು.

“ನಮ್ಮವ್ವ ನನ್ನ ಒಮ್ಮೆರ ಎತ್ಕೊಂಡಿದ್ಲೋ ಇಲ್ಲೋ, ಇಷ್ಟ ಹೇಳ್ರಿ,” ಎಂದರಂತೆ ರಾಚವ್ವ.

ಅಣ್ಣನೇ ಆಗಿದ್ದರೆ ಅಣ್ಣನೆಂದೇ ಹೇಳುತ್ತೇನೆ, ಸಮಾಧಾನಕ್ಕೆ ಸುಳ್ಳು ಹೇಳಲಾರೆ ಎಂದು ಗುರುಪಾದ ಮೊದಲೇ ತಿಳಿಸಿದರು. ಅದಕ್ಕೆ ಕಾರಣವಿದೆ. ಇಪ್ಪತ್ತು ವರ್ಷದ ಹಿಂದೆ ಒಬ್ಬ ಅಜ್ಜಿಯ ಗದ್ದದ ಮೇಲಿನ ಮೂರು ಚುಕ್ಕಿಗಳನ್ನು ಬೂಷ್ಟೆಂದು ಅಳಿಸಿಬಿಟ್ಟಿದ್ದರು. ಅವು ಹಚ್ಚೆ. ಇಕಿ ನಮ್ಮವ್ವ ಅಲ್ಲ ಎಂದು ಮಗಳು ಅಳುತ್ತ ಫೋಟೊ ಇಟ್ಟು ಹೋದಳು.

ಪುಸ್ತಕದಲ್ಲಿ ಅದೇ ಹಂಸ ಸಿಕ್ಕಿತು, ೧೯೫೬ರ ಮೇ ತಿಂಗಳ ಮದುವೆಯಲ್ಲಿ. ಆದರೆ ಒಂದು ಪರದೆ ಹತ್ತು ವರ್ಷ ಬಾಳುತ್ತದೆ. ರಾಚವ್ವನ ಫೋಟೊ ಅದಕ್ಕಿಂತ ಮುಂಚಿನದೋ ಆಮೇಲಿನದೋ ಗೊತ್ತಾಗಲಿಲ್ಲ. ವಾರವಾಯಿತು. ಒಂದು ನಸುಕಿನಲ್ಲಿ ಹಂಸದ ಕೊರಳಿನ ಮೇಲಿದ್ದ ಸೀಳುಗೆರೆಯನ್ನು ಫೋಟೊ ಮಡಚಿದ ಗುರುತೆಂದು ನಕಲಿನಲ್ಲಿ ಮುಚ್ಚಲು ಕುಂಚ ಅದ್ದಿದರು. ಅಳಿಸುವ ಮೊದಲು ಮೂಲವನ್ನು ಸವರಿ ನೋಡುವುದು ಆ ಹಚ್ಚೆ ಕಲಿಸಿದ ಅಭ್ಯಾಸ. ಬೆರಳಿಗೆ ಮಡಿಕೆ ಸಿಗಲಿಲ್ಲ, ಕಾಗದ ನುಣ್ಣಗಿತ್ತು. ಭೂತಗನ್ನಡಿ ಹಿಡಿದರೆ ಸಣ್ಣ ಸಣ್ಣ ಹೊಲಿಗೆ ಕಂಡಿತು. ಹರಿದದ್ದು ಫೋಟೊ ಅಲ್ಲ, ಹಿಂದಿನ ಪರದೆ.

೧೯೫೬ರ ಮದುವೆಯಲ್ಲಿ ಹಂಸದ ಕೊರಳು ಇಡಿಯಾಗಿದೆ. ಪುಸ್ತಕ ಮತ್ತೆ ತಿರುವಿದರೆ ೧೯೫೯ರ ಇನ್ನೊಂದು ಮದುವೆಯಲ್ಲಿ ಅದೇ ಹೊಲಿಗೆ. ಅಂದರೆ ರಾಚವ್ವನ ಫೋಟೊ ೧೯೫೬ರ ಮದುವೆಯ ಆಮೇಲಿನದು; ಅದನ್ನು ತೆಗೆಸುವ ಹೊತ್ತಿಗೆ ಅಣ್ಣ ಮೂರು ದಾಟಿ ಓಡಾಡುವ ಹುಡುಗ. ತೊಡೆಯ ಮೇಲಿನ ಕೂಸು ರಾಚವ್ವನೇ.

ಸಂಜೆ ಸ್ನೇಹಲ್ ಕಂಪ್ಯೂಟರಿನಲ್ಲಿ ಚಿತ್ರ ದೊಡ್ಡದು ಮಾಡಿ ಕೇಳಿದಳು, “ಪಪ್ಪಾ, ಹಿಂದೆ ಹರಿದಿದ್ದು ದಿಖ್ತಾ ಹೈ. ಸಾಫ್ ಮಾಡ್ಲಿ ಕ್ಯಾ?” ಗುರುಪಾದ ಆಕೆಯ ಕೈ ಹಿಡಿದು ನಿಲ್ಲಿಸಿದರು.

ವಿಷಯ ಕೇಳಿದ ರಾಚವ್ವ ಸತ್ತ ಅಣ್ಣನಿಗೆ ಹೇಳುವಂತೆ ಅಂದರಂತೆ: “ಕೇಳಿದೇನೋ ಶೆಟ್ಟ್ಯಾ?” ಆಮೇಲೆ ಫೋಟೊದ ಕೂಸಿನ ಕಾಲು ಮುಟ್ಟಿ, ನನ್ನ ಕಾಲಾಗ ಗೆಜ್ಜಿ ಇದ್ದುವು ನೋಡ್ರಿ ಎಂದು ಅಂಗಡಿಗೆ ಬಂದವರಿಗೆಲ್ಲ ತೋರಿಸಿದರು.

ಗುರುಪಾದರಿಗೆ ದೊಡ್ಡ ಆಸೆಗಳಿಲ್ಲ. ಫೋಟೊ ತೆಗೆಸಿದವರು ಹಿಂದೆ ಪೆನ್ಸಿಲಿನಿಂದ ಹೆಸರು, ತಾರೀಖು ಬರೆದಿಟ್ಟರೆ ಸಾಕು ಎನ್ನುತ್ತಾರೆ. ಹಾಲಿನವರ ಹೆಜ್ಜೆಗೆ ಮೇಜು ಅಲುಗುತ್ತದೆ. ಅಜ್ಜನ ಕಿವಿ ಮುಗಿದಿದೆ. ಕುಂಚ ಒರೆಸುತ್ತ ಹೇಳುತ್ತಾರೆ:

“ನಲವತ್ತಾರು ವರ್ಷ ಹರಿದದ್ದು ಕಾಣದಾಂಗ ಮಾಡೂದ ನನ್ನ ಕೆಲಸ ಆತ್ರಿ. ಅದೊಂದು ಹರಕು ಮಾತ್ರ ಹಾಂಗ ಬಿಟ್ಟೀನಿ.”