ಬಟ್ಟಲು ಬದಲಾಯಿಸಿಕೊಂಡರು

ಬಿಡದಿ ಕಡೆಯ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ನಾನು ಜಪಾನಿ ದುಭಾಷಿಯಾಗಿದ್ದೆ. ತರಬೇತಿ ಕೊಡಲು ಬಂದಿದ್ದ ಜಪಾನಿನ ಮೇಷ್ಟ್ರಿಗೆ ಒಂದು ಚಟ. ಅವರು ಏನು ತೋರಿಸಿದರೂ ನಾವು ಅದರಲ್ಲೊಂದು ದೋಷ ಹುಡುಕಿ ಪರಿಹಾರ ಹೇಳಲೇಬೇಕು.

ಒಂದು ಶನಿವಾರ ತಮ್ಮ ದೇಶದ ಯಾಕುಜಾ ಗ್ಯಾಂಗುಗಳ ಕಾಳಗದ ಸಿನಿಮಾ ಹಾಕಿದರು. ಎರಡು ಗಂಟೆ ಎರಡೂ ಕಡೆಯ ಆಳುಗಳು ಕಡಿದಾಡಿಕೊಂಡು ಸತ್ತರು. ಕೊನೆಗೆ ಮುದುಕ ಬಾಸುಗಳಿಬ್ಬರು ಚಾಪೆಯ ಮೇಲೆ ಕೂತು, ಹೆಂಡದ ಬಟ್ಟಲು ಬದಲಾಯಿಸಿಕೊಂಡು ಅಣ್ಣತಮ್ಮಂದಿರಾದರು. ಅಲ್ಲಿಗೆ ಮುಗಿಯಿತು. ಲೈಟು ಹಾಕಿದ ಮೇಷ್ಟ್ರು ಎಂದಿನಂತೆ ಕೇಳಿದರು, "ದೋಷ ಏನು?"

ವೆಲ್ಡಿಂಗ್ ಕೆಲಸದ ಕಬ್ಬಾಳಿನ ಕೆಂಪಣ್ಣ ಎದ್ದ. "ಸಾ, ಈ ರಾಜಿನ ಮೊದ್ಲೇ ಮಾಡ್ಕಂಡಿದ್ರೆ ಅಷ್ಟ್ ಜನ ಸಾಯ್ತಿರ್ಲಿಲ್ಲ. ನಾಕ್ ಜನನ್ನ ಸೇರ್ಸಿ ಪಂಚಾಯ್ತಿ ಮಾಡ್ಬೇಕಿತ್ತು."

ಅನುವಾದಿಸಿದೆ. "ಆಗ ಸಿನಿಮಾನೇ ಇರುತ್ತಿರಲಿಲ್ಲವಲ್ಲ?" ಎಂದರು ಮೇಷ್ಟ್ರು.

"ಇಲ್ದಿದ್ರೆ ಬುಡಿ, ಯಾರಪ್ಪನ್ ಗಂಟು ಹೋಯ್ತದೆ?"

ಅದನ್ನು ಮಾತ್ರ ಒಂಚೂರು ಮೆತ್ತಗೆ ಮಾಡಿ ಹೇಳಿದೆ.

ಆ ವರ್ಷವೇ ಕಾರ್ಖಾನೆಯಲ್ಲಿ ಮುಷ್ಕರವಾಯಿತು. ಗೇಟಿನ ಮುಂದೆ ಘೋಷಣೆ ಕೂಗಿದ ಏಳು ಜನರನ್ನು ಕೆಲಸದಿಂದ ತೆಗೆದರು. ಅವರಲ್ಲಿ ಕೆಂಪಣ್ಣನೂ ಒಬ್ಬ. ತಿಂಗಳಾದ ಮೇಲೆ ಯೂನಿಯನ್ ಮುಖಂಡರೂ ಜಪಾನಿನ ದೊಡ್ಡ ಸಾಹೇಬರೂ ಎ.ಸಿ. ರೂಮಿನಲ್ಲಿ ಕೂತು ನಗುನಗುತ್ತ ರಾಜಿಯಾದರು. ಅನುವಾದ ನನ್ನದೇ. ಆ ಏಳು ಜನರ ವಿಷಯ ಮಾತ್ರ 'ಮುಂದೆ ನೋಡೋಣ' ಎಂದಾಯಿತು.

ಹೊರಗೆ ಬಂದಾಗ ಗೇಟಿನ ಹತ್ತಿರ ಕೆಂಪಣ್ಣ ಕಾಯುತ್ತಿದ್ದ. "ಏನ್ ಸಾ, ಬಟ್ಲು ಬದ್ಲಾಯಿಸ್ಕಂಡ್ರಾ?"

"ಹೆಂಡ ಅಲ್ಲಪ್ಪ," ಎಂದೆ, "ಕಾಫಿ."