ವೆಂಡೊ ನಿಲ್ಲುತ್ತಿದ್ದ ಜಾಗ

ನಮ್ಮ ಬೊರೊವ್ಕಾ ಊರಿನವರು ಮದುವೆ, ಪಿತ್ತಕೋಶದ ಆಪರೇಷನ್, ಬಚ್ಚಲುಮನೆ ಒಡೆದು ಕಟ್ಟಿಸುವುದು ಎಲ್ಲವನ್ನೂ ಏಪ್ರಿಲ್ ತಿಂಗಳಿಗೇ ಇಟ್ಟುಕೊಳ್ಳುತ್ತಿದ್ದರು. ಕಾರಣ ಇಷ್ಟೇ: ನಮ್ಮ ಐಸ್ ಹಾಕಿ ತಂಡ ಮಾರ್ಚ್ ಹದಿನೈದರೊಳಗೆ ಸೋತು ಮನೆ ಸೇರಿರುತ್ತಿತ್ತು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಇದು ತಪ್ಪಿರಲಿಲ್ಲ. ಜನರಿಗೆ ಕ್ಯಾಲೆಂಡರಿಗಿಂತ ನಮ್ಮ ಸೋಲಿನ ಮೇಲೆ ಹೆಚ್ಚು ನಂಬಿಕೆ. ಹಾಗಾಗಿ ನಮ್ಮ ತಂಡದ ವೆಂಡೆಲಿನ್ ಕ್ರುಪಾ, ಎಲ್ಲರ ಬಾಯಲ್ಲಿ ವೆಂಡೊ, ತನ್ನ ಒಬ್ಬಳೇ ಮಗಳ ಮದುವೆಯನ್ನು ಏಪ್ರಿಲ್ ಎರಡನೆಯ ಶನಿವಾರಕ್ಕೆ ಗೊತ್ತುಮಾಡಿದಾಗ ಯಾರೂ ಹುಬ್ಬೇರಿಸಲಿಲ್ಲ. ನಾನೂ ಒಳ್ಳೆಯ ದಿನವೆಂದೇ ಹೇಳಿದೆ.

ನಾನು ಗೇಜಾ. ಮೂವತ್ತು ವರ್ಷದಿಂದ ಈ ತಂಡದ ಸ್ಕೇಟುಗಳಿಗೆ ಸಾಣೆ ಹಿಡಿಯುವವನು, ಬೆವರಿನ ಅಂಗಿ ಒಗೆಯುವವನು, ಸ್ಟಿಕ್ ಮುರಿದವರಿಗೆ ಬೇರೆ ಕೊಡುವವನು, ಜೊತೆಗೆ ಎಲ್ಲರನ್ನೂ ಬೈಯುವವನು. ಕೊನೆಯ ಕೆಲಸಕ್ಕೆ ಸಂಬಳವಿಲ್ಲ, ಪ್ರೀತಿಯಿಂದ ಮಾಡುತ್ತೇನೆ. ವೆಂಡೊ ನನ್ನ ಸಾಣೆಕೋಣೆಗೆ ಮೊದಲು ಬಂದಾಗ ಅವನಿಗೆ ಹತ್ತೊಂಬತ್ತು. ಬಾಗಿಲಲ್ಲಿ ತಲೆ ಬಗ್ಗಿಸಿದರೂ ಹಣೆ ಹೊಡೆದುಕೊಂಡ. "ಏನಪ್ಪಾ, ಆಡೋಕೆ ಬಂದಿದ್ದೀಯೋ, ಬೀರು ಹೊರೋಕೆ ಬಂದಿದ್ದೀಯೋ?" ಅಂದೆ. "ಯಾವ್ದಕ್ ಜನ ಬೇಕೋ ಅದಕ್ಕೆ," ಅಂದ. ಅವನನ್ನು ಡಿಫೆನ್ಸಿಗೆ ಹಾಕಿದರು.

ಡಿಫೆನ್ಸ್ ಆಡುವವನ ಕೆಲಸ ಬುದ್ಧಿ ಇರುವ ಮನುಷ್ಯನ ಕೆಲಸವಲ್ಲ. ಪಕ್ ಎನ್ನುವ ಆ ಕರಿ ರಬ್ಬರ್ ಬಿಲ್ಲೆ, ಹೆದ್ದಾರಿಯಲ್ಲಿ ಕಾರು ಹೋಗುವುದಕ್ಕಿಂತ ಜೋರಾಗಿ ಬರುತ್ತದೆ. ನೀವು ನಾವು ಆದರೆ ಪಕ್ಕಕ್ಕೆ ಸರಿಯುತ್ತೇವೆ. ವೆಂಡೊ ಅದಕ್ಕೆ ಅಡ್ಡ ಬೀಳುತ್ತಿದ್ದ. ರಿಂಕ್ ಎನ್ನುವ ಐಸ್ ಅಂಗಳದಲ್ಲಿ ನಮ್ಮ ಗೋಲಿನ ಎಡಗಂಬದಿಂದ ಎರಡು ಹೆಜ್ಜೆ ಮುಂದೆ ಅವನ ಜಾಗ. ಅಲ್ಲಿ ನಿಂತು ಕಾಲಿಗೆ, ಪಕ್ಕೆಗೆ, ಒಮ್ಮೊಮ್ಮೆ ಮುಖಕ್ಕೂ ಹೊಡೆಸಿಕೊಂಡು, ಎದ್ದು, ಮೈ ಕೊಡವಿಕೊಂಡು ಮತ್ತೆ ಅಲ್ಲೇ ನಿಲ್ಲುತ್ತಿದ್ದ. ಮುಂದಿನ ನಾಲ್ಕು ಹಲ್ಲು ಅಲ್ಲೇ ಹೋದವು. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ಪಂದ್ಯದ ಹೊತ್ತಿಗೆ ನನ್ನ ಟೀ ಲೋಟದಲ್ಲಿ ಇಟ್ಟು ಹೋಗುವುದು ಅವನ ಕೆಟ್ಟ ಅಭ್ಯಾಸ. ಒಂದು ಸಲ ನೋಡದೆ ಅದರಲ್ಲೇ ಟೀ ಬಗ್ಗಿಸಿಕೊಂಡು ಅರ್ಧ ಕುಡಿದುಬಿಟ್ಟಿದ್ದೆ.

ಇಪ್ಪತ್ತೆರಡು ಸೀಸನ್‌ನಲ್ಲಿ ಅವನು ಹೊಡೆದ ಗೋಲು ಮೂವತ್ತೊಂದು. ಅದರಲ್ಲಿ ಎರಡು ನಮ್ಮ ಗೋಲಿಗೇ. ಅವನನ್ನು ಕೇಳಿದರೆ ಒಂದೇ ಎನ್ನುತ್ತಾನೆ. ನಡುವೆ ಎರಡು ಚಳಿಗಾಲ ಪೋಲೆಂಡಿನಲ್ಲಿ ಆಡಿಬಂದ, ಒಂದು ಸಲ ದೇಶದ ತಂಡದ ತರಬೇತಿಗೂ ಕರೆದರು, ಒಂಬತ್ತನೇ ದಿನ ವಾಪಸು ಕಳಿಸಿದರು. ಒಂಬತ್ತು ದಿನವೂ ಅಲ್ಲಿನ ಕೋಚ್ ಅವನನ್ನು ಬೇರೆ ಯಾರದೋ ಹೆಸರಿನಿಂದ ಕರೆಯುತ್ತಿದ್ದರಂತೆ. "ತಿದ್ದಬೇಕಿತ್ತು ತಾನೇ?" ಎಂದೆ. "ಆ ಹೆಸ್ರಿನವನು ಚೆನ್ನಾಗ್ ಆಡ್ತಿದ್ನಂತೆ ಗೇಜಾ ಅಣ್ಣ, ಸುಮ್ನಿದ್ದೆ," ಅಂದ. ಮೈಕಿನಲ್ಲಿ ಗೋಲು ಹೊಡೆದವನ ಹೆಸರು ಕೂಗುತ್ತಾರೆ, ತಪ್ಪು ಮಾಡಿ ಹೊರಗೆ ಕೂತವನ ಹೆಸರು ಕೂಗುತ್ತಾರೆ. ಗೋಲು ಆಗದ ಹಾಗೆ ನೋಡಿಕೊಂಡವನನ್ನು ಯಾರು ಕೂಗುತ್ತಾರೆ? ಅವನ ಅತ್ತೆ ಹತ್ತು ವರ್ಷ ಪಂದ್ಯ ನೋಡಿದ ಮೇಲೂ ನನ್ನನ್ನು ಪಕ್ಕಕ್ಕೆ ಕರೆದು, "ನಮ್ಮ ಅಳಿಯಂದ್ರು ನಿಜವಾಗ್ಲೂ ಏನ್ ಮಾಡ್ತಾರಪ್ಪಾ ಅಲ್ಲಿ?" ಎಂದು ಕೇಳಿದ್ದುಂಟು. ಕೇಳುವಾಗ ಅವರ ಮುಖದಲ್ಲಿ ಗೇಲಿ ಇರಲಿಲ್ಲ.

ಮನೆಯಲ್ಲಿ ಮಾತ್ರ ಲೆಕ್ಕ ಬೇರೆ. ಮಗಳು ಡೊರೊತಾ ಹುಟ್ಟಿದಾಗ ವೆಂಡೊ ಪಂದ್ಯಕ್ಕೆ ಹೊರಟ ತಂಡದ ಬಸ್ಸಿನಲ್ಲಿದ್ದ. ಅವಳು ಬಿಳಿ ಉಡುಪು ತೊಟ್ಟು ಚರ್ಚಿನಲ್ಲಿ ಮೊದಲ ಪ್ರಸಾದ ತೆಗೆದುಕೊಂಡ ದಿನ ಮೂಳೆ ಮುರಿದುಕೊಂಡು ಯಾವುದೋ ಊರಿನ ಆಸ್ಪತ್ರೆಯಲ್ಲಿದ್ದ. ಶಾಲೆ ಮುಗಿಸುವ ಮಕ್ಕಳಿಗೆ ಹಸಿರು ರಿಬ್ಬನ್ ಕಟ್ಟಿ, ಅಪ್ಪಂದಿರು ಹೆಣ್ಣುಮಕ್ಕಳ ಜೊತೆ ಒಂದು ಸುತ್ತು ಕುಣಿಯುವ ಸಂಜೆ ಇರುತ್ತದಲ್ಲ, ಆ ಸಂಜೆ ಅವಳು ಕುಣಿದದ್ದು ನನ್ನ ಜೊತೆ. ನನಗೆ ಮೊಣಕಾಲು ನೋವು, ಅವಳ ಕಾಲು ಮೂರು ಸಲ ತುಳಿದೆ. ಪಾಪ, ಒಂದು ಮಾತೂ ಆಡಲಿಲ್ಲ. ಆದರೆ ಮದುವೆ ಗೊತ್ತಾದ ದಿನ ಅಪ್ಪನ ಮುಂದೆ ಬಂದು ನಿಂತಳು.

"ಅಪ್ಪಾ, ಆ ದಿನ ಪೂರ್ತಿ ನೀನು ನಂಗ್ ಬೇಕು. ಬೆಳಗಿಂದ ಕೊನೇ ಹಾಡಿನ ತನಕ. ಅರ್ಧಕ್ಕೆ ಬಸ್ ಇಳಿದು ಬರೋ ಅಪ್ಪ ಬೇಡ."

"ಇರ್ತೀನಮ್ಮ. ಏಪ್ರಿಲಲ್ಲಿ ನಂಗೇನ್ ಕೆಲಸ?" ಎಂದ ವೆಂಡೊ.

ಆ ವರ್ಷವೇ ನಮ್ಮ ದರಿದ್ರ ತಂಡ ಗೆಲ್ಲಲು ಶುರುಮಾಡಿತು.

ನಾಕೌಟ್‌ನ ಮೊದಲ ಸುತ್ತಿನಲ್ಲಿ ಪಟ್ಟಿಯಲ್ಲಿ ಮೊದಲಿದ್ದ ತಂಡವನ್ನೇ ಹೊಡೆದು ಹಾಕಿದೆವು. ಊರೇ ಆಕಸ್ಮಿಕ ಎಂದಿತು. ಸೆಮಿಫೈನಲ್‌ನಲ್ಲೂ ಗೆದ್ದಾಗ ಊರು ಗಾಬರಿಬಿದ್ದಿತು. ಅಂಚೆ ಕಚೇರಿಯ ಹೆಂಗಸು ಆಪರೇಷನ್ ಮುಂದಕ್ಕೆ ಹಾಕಿದಳು, ಬಚ್ಚಲು ಒಡೆಸಿದವರು ಪಂದ್ಯ ನೋಡಲು ಹೋದ ಗಾರೆಯವರನ್ನು ಕಾಯುತ್ತ ನೆಂಟರ ಮನೆಯಲ್ಲಿ ಸ್ನಾನ ಮಾಡಿದರು. ನಾಕೌಟ್ ಶುರುವಾದ ದಿನದಿಂದ ಸೀಸನ್ ಮುಗಿಯುವವರೆಗೆ ಗಡ್ಡ ತೆಗೆಯಬಾರದೆಂಬುದು ಆಟಗಾರರ ಕಟ್ಟಳೆ. ಹನ್ನೊಂದು ವರ್ಷ ಹತ್ತು ದಿನದ ಕುರುಚಲಿಗಿಂತ ಹೆಚ್ಚು ಬೆಳೆದದ್ದನ್ನು ನಾವು ಕಂಡೇ ಇರಲಿಲ್ಲ. ಈಗ ನೋಡಿದರೆ ಇಡೀ ತಂಡ ಸನ್ಯಾಸಿಗಳ ಮಠದ ಹಾಗಿತ್ತು. ಫೈನಲ್ ಏಳು ಪಂದ್ಯಗಳದ್ದು. ಮೂರು ಅವರು, ಮೂರು ನಾವು. ಏಳನೆಯದು ನಮ್ಮೂರಲ್ಲೇ, ಏಪ್ರಿಲ್ ಎರಡನೆಯ ಶನಿವಾರ ಮಧ್ಯಾಹ್ನ ಮೂರಕ್ಕೆ. ಮದುವೆ ಎರಡೂವರೆಗೆ.

ಮದುವೆ ಮುಂದೂಡಲು ಸಾಧ್ಯವಿರಲಿಲ್ಲ. ನೂರಿಪ್ಪತ್ತು ಜನಕ್ಕೆ ಹೇಳಿಯಾಗಿತ್ತು, ಹಂದಿ ಕೊಯ್ದಾಗಿತ್ತು. ಪಾದ್ರಿಗಳು ತಾವಾಗಿಯೇ ಬಂದು, "ಬೆಳಿಗ್ಗೆ ಒಂಬತ್ತಕ್ಕೇ ಮುಗಿಸಿಬಿಡೋಣ, ಮಧ್ಯಾಹ್ನ ನೀನು ಆಡು, ನಂಗೂ ನೋಡೋಕಾಗುತ್ತೆ," ಎಂದರು. ಕೋಚ್ ಶ್ವೆದಾ ಇದನ್ನು ಕೇಳಿ ಪಾದ್ರಿಗಳ ಕೈಗೇ ಮುತ್ತಿಟ್ಟರು. ಎಲ್ಲರಿಗೂ ಸಮಾಧಾನ. ಇಬ್ಬರನ್ನು ಬಿಟ್ಟು.

ಗುರುವಾರ ಡೊರೊತಾ ಸಾಣೆಕೋಣೆಗೆ ನುಗ್ಗಿದಳು. ವೆಂಡೊ ಬೆಂಚಿನ ಮೇಲೆ ಕೂತು ಊದಿದ ಕಾಲಿಗೆ ಐಸ್ ಒತ್ತಿಕೊಳ್ಳುತ್ತಿದ್ದ.

"ಗೇಜಾ ದೊಡ್ಡಪ್ಪ, ಸ್ವಲ್ಪ ಹೊರಗಿರ್ತೀರಾ?"

"ಇಲ್ಲಮ್ಮ. ಮಿಷನ್ ಓಡ್ತಿದೆ," ಎಂದೆ. ಮಿಷನ್ ನಿಂತು ಅರ್ಧ ಗಂಟೆಯಾಗಿತ್ತು.

ಅವಳು ನನ್ನ ಕಡೆ ಒಂದು ಸಲ ನೋಡಿ, ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಊರೆಲ್ಲಾ ನಂಗೆ ಬುದ್ಧಿ ಹೇಳ್ತಿದೆ. ರಾಸ್ತೊ ಅವರಮ್ಮನೂ ಹೇಳಿದ್ರು. ಒಳ್ಳೇ ಮಗಳಾಗಿ 'ಹೋಗಪ್ಪಾ, ಆಡ್ಕೊಂಡ್ ಬಾ' ಅನ್ನಬೇಕಂತೆ. ನಾನ್ ಅನ್ನಲ್ಲ. ಬೆಳಿಗ್ಗೆ ನೀನ್ ನನ್ ಕೈ ಹಿಡ್ಕೊಂಡು ನಡೀವಾಗ ನಿನ್ ತಲೆ ರಿಂಕಲ್ಲಿರುತ್ತೆ. ಸಂಜೆ ಮುಖಕ್ಕೆ ಹೊಲಿಗೆ ಹಾಕಿಸ್ಕೊಂಡು ಬರ್ತೀಯ. ನಂಗ್ ಗೊತ್ತು. ನೀನ್ ಹೋದ್ರೆ ಹೋಗು, ನಾನೇನ್ ಸಾಯಲ್ಲ. ಆದ್ರೆ ನನ್ ಬಾಯಿಂದ ಹೂಂ ಅನ್ನಿಸ್ಬೇಡ."

ರಾಸ್ತೊ ಅಂದರೆ ಮದುವೆ ಗಂಡು, ಹಾಲಿನ ಡೈರಿಯವನು. ಅವನು ಪಾಪ ನಮ್ಮ ತಂಡದ ಹುಚ್ಚ. ಎರಡು ವಾರದಿಂದ ನಿದ್ದೆಗೆಟ್ಟಿದ್ದ.

ವೆಂಡೊ ಐಸನ್ನು ಕಾಲಿನ ಇನ್ನೊಂದು ಬದಿಗೆ ಸರಿಸಿದ. ನಲವತ್ತೊಂದು ವಯಸ್ಸು. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಫೈನಲ್. ಇನ್ನೊಂದು ಬರುವುದಿಲ್ಲ ಎಂಬುದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು.

"ಅನ್ನಬೇಡ," ಅಂದ. "ಎರಡೂವರೆಗೇ ಇರ್ಲಿ ಮದುವೆ."

ಅವಳು ಹೋದ ಮೇಲೆ ನಾನು ಬಾಯಿಗೆ ಬಂದ ಹಾಗೆ ಬೈದೆ. ನಾಚಿಕೆಯಾಗಬೇಕು ನನಗೆ, ಆದರೆ ಬೈದೆ. ಊರು ಏನನ್ನುತ್ತೆ, ತಂಡ ಏನು ಮಾಡುತ್ತೆ, ನನ್ನ ಮೂವತ್ತು ವರ್ಷ ಏನಾಗುತ್ತೆ ಎಂದೆಲ್ಲ. ಅವನು ಹಲ್ಲಿನ ಸೆಟ್ಟು ಹಾಕಿಕೊಂಡು, "ಗೇಜಾ ಅಣ್ಣ, ರಿಬ್ಬನ್ ಕಟ್ಟಿದ್ ದಿನ ಅವಳ ಕಾಲ್ ತುಳಿದೆಯಂತೆ. ಆ ತುಳಿಯೋ ಕೆಲಸ ನಂದಾಗಿತ್ತು," ಅಂದ. ನಾನು ಎದ್ದು ಮಿಷನ್ ಶುರುಮಾಡಿದೆ.

ಚರ್ಚಿನ ಸಂಗತಿ ನನಗೆ ಅವನ ಹೆಂಡತಿ ಇವೆತಾ ಹೇಳಿದ್ದು. ಬೆಳಿಗ್ಗೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ಅವಳೇ ಅವನ ಗಡ್ಡ ಬೋಳಿಸಿದಳಂತೆ. ಮದುವೆಗೆ ಹೆಂಗಸರೆಲ್ಲ ಬಂದಿದ್ದರು, ಗಂಡಸರಲ್ಲಿ ಅರ್ಧ ಜನಕ್ಕೆ ಇದ್ದಕ್ಕಿದ್ದಂತೆ ಜ್ವರ. ಬಂದಿದ್ದವರೂ ಬೆಂಚಿನ ಕೆಳಗೆ ಫೋನು ಹಿಡಿದಿದ್ದರು. ರಿಂಕು ನದಿಯ ಆಚೆಗೇ ಇರುವುದರಿಂದ ಗೋಲಾದಾಗ ಕೂಗುವ ಸೈರನ್ ಚರ್ಚಿಗೂ ಕೇಳುತ್ತದೆ. ಪ್ರಮಾಣವಚನದ ನಡುವೆ ಅದು ಕೂಗಿದಾಗ ರಾಸ್ತೊ "ಹೌದು" ಎನ್ನಬೇಕಾದಲ್ಲಿ "ಯಾರು?" ಎಂದನಂತೆ. ಪಾದ್ರಿಗಳು "ನಮ್ಮೋರು, ಮುಂದಕ್ ಹೇಳು" ಎಂದರಂತೆ. ವೆಂಡೊ ಮಾತ್ರ ಮಗಳನ್ನೇ ನೋಡುತ್ತಿದ್ದ, ಒಂದು ಸಲವೂ ಕಿಟಕಿ ಕಡೆ ತಿರುಗಲಿಲ್ಲ ಎಂದಳು ಇವೆತಾ.

ನಾನು ರಿಂಕಿನಲ್ಲಿದ್ದೆ. ಎರಡು ಎರಡು ಸಮ. ಹೆಚ್ಚುವರಿ ಸಮಯ, ಮೊದಲು ಗೋಲು ಹೊಡೆದವರಿಗೆ ಕಪ್. ಎದುರಾಳಿಯೊಬ್ಬ ದೂರದಿಂದ ಹೊಡೆದ. ಅಂಥ ದೊಡ್ಡ ಹೊಡೆತವೇನಲ್ಲ. ಪಕ್ ಐಸಿಗೆ ತಾಗಿಕೊಂಡೇ ಬಂತು. ಎಡಗಂಬದಿಂದ ಎರಡು ಹೆಜ್ಜೆ ಮುಂದೆ ಯಾರೂ ಇರಲಿಲ್ಲ. ಅಲ್ಲಿ ನಿಲ್ಲಬೇಕಿದ್ದವನು ಒಳ್ಳೆಯ ಆಟಗಾರ, ನಮ್ಮೆಲ್ಲರಂತೆ ಬುದ್ಧಿ ಇರುವವನು. ಪಕ್ಕಕ್ಕೆ ಸರಿದ. ಇಪ್ಪತ್ತೆರಡು ವರ್ಷ ಆ ಮನುಷ್ಯ ಅಲ್ಲಿ ಏನು ಮಾಡುತ್ತಿದ್ದ ಎಂದು ಐದು ಸಾವಿರ ಜನಕ್ಕೆ ಆಗ ಒಟ್ಟಿಗೆ ಗೊತ್ತಾಯಿತು. ಗಡ್ಡ ಬೋಳಿಸಿದ್ದೇ ಸೋಲಿಗೆ ಕಾರಣ ಎಂದು ಹೋಟೆಲಿನಲ್ಲಿ ಇವತ್ತಿಗೂ ವಾದಿಸುವವರಿದ್ದಾರೆ. ಅವರ ಜೊತೆ ನಾನು ಮಾತಾಡುವುದಿಲ್ಲ.

ವೆಂಡೊ ಇಡೀ ತಂಡವನ್ನು ಊಟಕ್ಕೆ ಕರೆದಿದ್ದ. ಹೋಗಬಾರದು ಎಂದರು ಕೆಲವರು. ಮುಖಕ್ಕೆ ಉಗಿಯಲಿಕ್ಕಾದರೂ ಹೋಗಬೇಕು ಎಂದರು ಕೆಲವರು. ಹೊಟ್ಟೆ ಹಸಿದಿದೆ ಎಂದರು ಉಳಿದವರು. ಅವರೇ ಹೆಚ್ಚಿದ್ದರು. ಇನ್ನೂ ಬೆಳಕಿರುವಾಗಲೇ ಇಪ್ಪತ್ತು ಜನ ಗಡ್ಡದವರು ಒದ್ದೆ ಕೂದಲಲ್ಲಿ ಮದುವೆ ಊಟದ ಹಾಲ್‌ನ ಬಾಗಿಲಲ್ಲಿ ನಿಂತೆವು. ಒಳಗೆ ವೆಂಡೊ ಮಗಳ ಜೊತೆ ಕುಣಿಯುತ್ತಿದ್ದ, ಬಹಳ ಕೆಟ್ಟದಾಗಿ. ನಮ್ಮನ್ನು ಕಂಡು ಅಕಾರ್ಡಿಯನ್ ಬಾರಿಸುವವನು ಹಾಡು ನಿಲ್ಲಿಸಿದ.

ಗೋಲ್‌ಕೀಪರ್ ಸೆಬೊ ನೇರ ನಡುವಿಗೆ ಹೋದ. ಆರು ವರ್ಷ ವೆಂಡೊನ ಬೆನ್ನ ಹಿಂದೆ ನಿಂತು ಆಡಿದವನು. ಅಷ್ಟು ದೊಡ್ಡ ಗಂಡಸು ಎಲ್ಲರೆದುರು ಅಳುತ್ತಿದ್ದ.

"ಎಲ್ಲೋಗಿದ್ದೆ ಅಣ್ಣಾ?" ಎಂದ. "ನಿನ್ ಕಾಲಿಗೆ ಬರೋ ಪಕ್ ಅದು. ನಿನ್ ಎಡಗಾಲಿಗೆ. ನಾನ್ ನೋಡ್ಲೇ ಇಲ್ಲ, ನೀನಿದ್ದೀಯ ಅಂದ್ಕೊಂಡೆ. ಎಲ್ಲಿದ್ದೆ ನೀನು?"

ನೂರು ಜನ ಚಮಚ ಹಿಡಿದು ಕೂತಲ್ಲೇ ಕೂತಿದ್ದರು.

ಡೊರೊತಾ ಅಪ್ಪನ ತೋಳು ಬಿಡಲಿಲ್ಲ.

"ನನ್ ಹತ್ರ ಇದ್ದ ಕಣೋ ಸೆಬೊ," ಎಂದಳು. ಅವಳ ದನಿಯಲ್ಲಿ ಜಗಳವಿರಲಿಲ್ಲ. "ದಿನಾ ನಿನ್ ಹತ್ರ ಇರ್ತಿದ್ದ. ಇವತ್ತು ನನ್ ಹತ್ರ ಇದ್ದ."

ಸೆಬೊ ಅವಳನ್ನು ನೋಡಿದ, ವೆಂಡೊನನ್ನು ನೋಡಿದ. ತೋಳಿನಿಂದ ಮೂಗು ಒರೆಸಿಕೊಂಡ. ಆಮೇಲೆ ತಲೆ ಆಡಿಸಿ, ಅಲ್ಲೇ ಹತ್ತಿರದ ಕುರ್ಚಿ ಎಳೆದು ಕೂತ. ಅವಳು ಅವನ ಮುಂದೆ ತಟ್ಟೆ ಇಟ್ಟು ಸೂಪು ಬಡಿಸಿದಳು.