ಗೇಟಿನ ಗಾಳೇಶನ ಹಾರುವ ಬಂಡಿ

ಗಿಣಿಗೇರಾದ ಕಾರ್ಖಾನೆಯೊಂದರ ಬಾಗಿಲಿಗೆ ಕೆಂಪು ಬಿಳಿ ಪಟ್ಟಿಯ ಕಂಬವೊಂದು ಅಡ್ಡ ಬಿದ್ದಿರುತ್ತದೆ. ಲಾರಿ ಬಂದರೆ ಅದನ್ನು ಎತ್ತುವವನು, ಹೋದ ಮೇಲೆ ಇಳಿಸುವವನು ಗಾಳೇಶ. ಊರಲ್ಲಿ ಅವನನ್ನು ಗೇಟಿನ ಗಾಳೇಶ ಎಂದೇ ಕರೆಯುತ್ತಾರೆ. ಅದಕ್ಕೂ ಮೊದಲು ಅವನು ಡ್ರೈವರ್ ಗಾಳೇಶನಾಗಿದ್ದ ಎಂದು ಬಲ್ಲವರು ಈಗ ನಾಲ್ಕಾರು ಮಂದಿ ಉಳಿದಿದ್ದೇವೆ. ನನ್ನ ಪಂಕ್ಚರ್ ಅಂಗಡಿ ಅದೇ ರಸ್ತೆಯ ಮೇಲಿದೆ. ಅವನ ಲಾರಿಯ ಟೈರು ಬಿಚ್ಚಿದ್ದು, ಕಟ್ಟಿದ್ದು ಎಲ್ಲ ಈ ಕೈಯೇ. ಟೈರು ಸವೆದ ಬಗೆ ನೋಡಿ ಡ್ರೈವರನ ಸ್ವಭಾವ ಹೇಳಬಲ್ಲೆ. ಮಾತುಮಾತಿಗೆ ಬ್ರೇಕು ತುಳಿಯುವವನ ಟೈರು ಅಲ್ಲಲ್ಲಿ ತಿಂದು ಹಾಕಿದಂತೆ ಸವೆಯುತ್ತದೆ. ಗಾಳೇಶನ ಟೈರು ಕಡೆತನಕ ಒಂದೇ ಸಮ ಸವೆಯುತ್ತಿತ್ತು.

ಅವನು ಹುಟ್ಟಿದ್ದು ನವಲಿಯಲ್ಲಿ. ಅಪ್ಪ ವೆಂಕೋಬನದು ಕಾಲುವೆ ನೀರಿನ ಭತ್ತದ ಗದ್ದೆ. ಹುಡುಗನಿಗೆ ಕೆಸರು ಒಗ್ಗಲಿಲ್ಲ. ಮೀಸೆ ಮೂಡುವ ಹೊತ್ತಿಗೆ ಗಂಗಾವತಿಗೆ ಹೋಗಿ ಅಕ್ಕಿ ಲಾರಿಯ ಕ್ಲೀನರ್ ಆದ. ಮಿಲ್ಲಿನ ಮುಂದೆ ಲಾರಿ ಸರದಿ ಹಚ್ಚಿ ನಿಂತಿತೆಂದರೆ ಚೀಲ ಏರುವುದಕ್ಕೆ ಅರ್ಧ ದಿನ ಬೇಕು. ಆ ಹೊತ್ತನ್ನು ಕಳೆಯಲು ಅವನು ಬಸ್ ಸ್ಟ್ಯಾಂಡಿನ ಹಿಂದಿದ್ದ ವಿರುಪಾಕ್ಷಿಯ ವಿಡಿಯೋ ಗೇಮ್ ಅಂಗಡಿಗೆ ಹೋಗುತ್ತಿದ್ದ.

ಅಲ್ಲೊಂದು ರೇಸಿನ ಆಟವಿತ್ತು. ಮುಂದೆ ಎಂದೋ ಬರಬೇಕಾದ ಕಾಲದ ರೇಸು. ಬಂಡಿಗಳಿಗೆ ಗಾಲಿಯೇ ಇಲ್ಲ. ನೆಲ ಬಿಟ್ಟು ಗೇಣು ಮೇಲೆ ತೇಲಿಕೊಂಡು, ಮೋಡದ ನಡುವೆ ಕಟ್ಟಿದ ರಸ್ತೆಯಲ್ಲಿ ಕಣ್ಣು ಮಿಟುಕಿಸುವುದರೊಳಗೆ ಹೋಗಿಬಿಡುತ್ತವೆ. ರಸ್ತೆಗೆ ಒಡ್ಡಿಲ್ಲ. ತಿರುವಿನಲ್ಲಿ ತಪ್ಪಿದರೆ ಪಾತಾಳ. ಅದರ ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹೊರಳದೆ ಎಲ್ಲರೂ ಹಾರುವ ಬಂಡಿ ಎಂದು ಕರೆದರು. ಮುಖ ಮುಚ್ಚುವ ಕೆಂಪು ಟೊಪ್ಪಿಗೆ ಹಾಕಿದ ಡ್ರೈವರೊಬ್ಬ ಅದರಲ್ಲಿದ್ದ. ಗಾಳೇಶ ಆಡಿದಾಗಲೆಲ್ಲ ಅವನನ್ನೇ ಆರಿಸುತ್ತಿದ್ದ. ಹಮಾಲರು ಚಹಾ ಕುಡಿಯುವುದು ಬಿಟ್ಟು ಗಾಳೇಶನ ಬೆನ್ನ ಹಿಂದೆ ನಿಂತು ನೋಡುತ್ತಿದ್ದರು ಎಂದು ವಿರುಪಾಕ್ಷಿ ಇಂದಿಗೂ ಹೇಳುತ್ತಾನೆ.

ಡ್ರೈವಿಂಗ್ ಕಲಿತದ್ದು ಉಸ್ತಾದನಿಂದಲ್ಲ, ಆ ಆಟದಿಂದ ಎಂದು ಗಾಳೇಶ ನನ್ನೆದುರು ಅದೆಷ್ಟೋ ಸಲ ಹೇಳಿದ್ದಾನೆ.

"ತಿರುವು ಬಂದ ಮ್ಯಾಲೆ ಬ್ರೇಕ್ ಹೊಡದ್ರ ಏನ ಬಂತು ಕಾಕಾ? ತಿರುವು ಕಾಣೂಕಿಂತ ಮೊದಲ ಎಕ್ಸಲೇಟರ್ ಮ್ಯಾಗಿಂದ ಕಾಲು ತಗೀಬೇಕು. ಗಾಡಿ ತಾನ ಹೊಳ್ಳತೈತಿ."

ನಾನು ನಗುತ್ತಿದ್ದೆ. ಆದರೆ ಟೈರುಗಳು ಅವನ ಪರವಾಗಿಯೇ ಸಾಕ್ಷಿ ಹೇಳುತ್ತಿದ್ದವು.

ಲೈಸೆನ್ಸ್ ಆದ ಮೇಲೆ ಗಿಣಿಗೇರಾಕ್ಕೆ ಬಂದು ಕಬ್ಬಿಣದ ಲೋಡು ಹೊಡೆಯತೊಡಗಿದ. ಯಲಬುರ್ಗಾದ ಅಮೃತಾಳನ್ನು ಲಗ್ನವಾದ. ಸಹನಾ ಹುಟ್ಟಿದಳು. ಅಷ್ಟು ವರ್ಷ ರಸ್ತೆಯ ಮೇಲೆ ಅವನ ಲಾರಿಗೆ ಒಂದು ಗೀರು ಬೀಳಲಿಲ್ಲ. ಅನಾಹುತವಾದದ್ದು ನಿಂತ ನೆಲದಲ್ಲಿ. ದೂರದ ಊರಿನ ಯಾರ್ಡಿನಲ್ಲಿ ಲೋಡು ಇಳಿಸುವಾಗ ಸರಳಿನ ಕಟ್ಟೊಂದು ಜಾರಿ ಅವನ ಬಲಗಾಲಿನ ಮೇಲೆ ಬಿತ್ತು. ಮೊಣಕಾಲಿನ ಮೇಲಕ್ಕೇ ಕಾಲು ತೆಗೆದರು. ಆಗ ಸಹನಾ ಇನ್ನೂ ಅಂಬೆಗಾಲಿಡುವ ಕೂಸು. ಮುಂದೆ ಮರದಂಥ ಕೃತಕ ಕಾಲು ಬಂತು, ಗೇಟಿನ ಕೆಲಸ ಬಂತು. ಅಪ್ಪ ಸ್ಟೇರಿಂಗ್ ಹಿಡಿದದ್ದನ್ನು ಮಗಳು ನೋಡಲೇ ಇಲ್ಲ. ಅವಳು ಬಲ್ಲ ಅಪ್ಪ ಸ್ಟೂಲಿನ ಮೇಲೆ ಕೂತು ಕಂಬ ಎತ್ತುವವನು.

ಹೋದ ವರ್ಷ ಸಹನಾ ಹತ್ತನೆಯ ತರಗತಿ ಛಲೋ ಪಾಸಾದಳು. ಕೊಪ್ಪಳದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಸೋದರಮಾವ ಪ್ರವೀಣಕುಮಾರ ತಾನು ಬಳಸಿ ಬಿಟ್ಟ ಗೇಮಿನ ಮಷೀನನ್ನು ಅವಳಿಗೆ ಕೊಟ್ಟ. ಅದರಲ್ಲಿ ಒಂದೇ ಆಟ, ಬಡಿದಾಟದ್ದು. ಬೇರೆ ಬೇರೆ ಆಟಗಳ ನಾಯಕರನ್ನೆಲ್ಲ ಒಂದೇ ಕಣಕ್ಕೆ ಕರೆತಂದು ಕಾದಾಡಿಸುತ್ತಾರೆ. ಒಬ್ಬ ಕತ್ತಿಯವ, ಒಂದು ಗುಂಡಗಿನ ಪ್ರಾಣಿ, ಒಬ್ಬಳು ಆಕಾಶದಿಂದ ಇಳಿದ ಹೆಣ್ಣುಮಗಳು. ಕೂತು ನೋಡಿ ನಾನೂ ಅಷ್ಟು ತಿಳಿದುಕೊಂಡೆ.

ಒಂದು ರವಿವಾರ ಗಾಳೇಶನ ಮನೆಯಲ್ಲಿ ನಾನು ಮಂಡಾಳ ಒಗ್ಗರಣಿ ತಿನ್ನುತ್ತಿದ್ದೆ. ಸಹನಾ ಆಡುತ್ತಿದ್ದಳು. ಟಿವಿ ಕಡೆ ಬೆನ್ನು ಮಾಡಿದ್ದ ಗಾಳೇಶ ಏನೋ ಸಪ್ಪಳಕ್ಕೆ ಹೊರಳಿ ನೋಡಿದವನು ತಟ್ಟೆ ಕೆಳಗಿಟ್ಟ.

"ಇವ ಇಲ್ಲಿ ಹೆಂಗ ಬಂದ?"

"ಯಾರಪ್ಪ?"

"ಆ ಕೆಂಪು ಟೊಪ್ಪಿಗ್ಯಾವ. ಇವ ಡ್ರೈವರ್ ಅದಾನವಾ. ಹಾರೂ ಬಂಡಿ ಡ್ರೈವರ್."

"ಡ್ರೈವರ್ ಅಲ್ಲಪ್ಪ, ಫೈಟರ್. ಇವನ ಒದಿಕಿ ನೋಡಿಲ್ಲಿ ಹೆಂಗೈತಿ."

"ಇವ ಯಾರಿಗೂ ಒದ್ದಾವಲ್ಲ. ಇವನ ಕೆಲಸ ಓಡ್ಸೂದು."

ಸಹನಾ ಫೋನಿನಲ್ಲಿ ಹುಡುಕಿ ನೋಡಿದಳು. ಗಾಳೇಶ ಹೇಳಿದ್ದು ಖರೆ ಇತ್ತು. ರೇಸಿನ ಆಟವನ್ನು ಮಾಡುವುದು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಮಂದಿ ಇವನನ್ನು ಮರೆಯಬಾರದೆಂದೋ ಏನೋ, ಬಡಿದಾಟದ ಆಟಕ್ಕೆ ಕರೆಸಿಕೊಂಡಿದ್ದರು. ಅಲ್ಲಿ ಅವನಿಗೆ ಬಂಡಿ ಇಲ್ಲ. ಬರೀ ಕೈಕಾಲು. ಒಂದು ಕಣವಂತೂ ಆ ಹಳೆಯ ರಸ್ತೆಯೇ. ಬೇರೆಯವರ ಬಂಡಿಗಳು ರೊಯ್ಯನೆ ಹೋಗುತ್ತವೆ, ಈ ಪುಣ್ಯಾತ್ಮ ಅದೇ ರಸ್ತೆಯಲ್ಲಿ ನಿಂತು ಅವು ಬಡಿಯದಂತೆ ಜಿಗಿದು ಜೀವ ಉಳಿಸಿಕೊಳ್ಳಬೇಕು.

ಗಾಳೇಶ ಮುಂದೆ ಬಾಗಿ ಅದನ್ನೇ ನೋಡಿದ. "ಆ ತಿರುವು ಗೊತ್ತೇನು ನಿನಗ? ಅಲ್ಲೆ ಎಡಕ್ಕ ಹೊಳ್ಳತೈತಿ. ನಾ ಕಣ್ಣ ಮುಚ್ಚಿ ಹೊಡೀತಿದ್ದೆ."

"ಹೌದೌದು," ಎಂದಳು ಸಹನಾ ನಗುತ್ತ, ಕಣ್ಣು ಟಿವಿಯಲ್ಲೇ ಇತ್ತು. "ಗಾಡಿ ಇಲ್ಲದ ಡ್ರೈವರ್ರು. ನೀನೂ ಹಂಗ, ಅವನೂ ಹಂಗ."

ಹುಡುಗಿ ಚೇಷ್ಟೆಗೆ ಅಂದದ್ದು. ಅಂದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು. ಅಮೃತಾ ಹೊಲಿಗೆ ಮಷೀನಿನಿಂದ ತಲೆ ಎತ್ತಿ, "ಬಾಯಾಗ ಸೂಜಿ ಚುಚ್ಚಿದ್ರ ಸರಿಯಾಗ್ತಿ," ಎಂದು ಗದರಿದಳು. ಗಾಳೇಶ ತಟ್ಟೆ ಎತ್ತಿಕೊಂಡು ಉಳಿದದ್ದನ್ನು ಒಂದು ಕಾಳೂ ಬಿಡದೆ ತಿಂದ.

ಮರುದಿನ ನನ್ನ ಅಂಗಡಿಗೆ ಬಂದು, "ಕಾಕಾ, ನಾ ಗಾಡಿ ಓಡ್ಸೂದನ್ನ ಆಕಿ ಒಮ್ಮೆ ನೋಡಬೇಕು. ಒಮ್ಮೆ ಸಾಕು," ಎಂದ.

"ಹುಚ್ಚಪ್ಪ, ಯಾವ ಗಾಡಿ ಓಡಸ್ತೀ?"

"ಲಾರಿ ಅಂತೂ ಆಗೂದಿಲ್ಲ. ಅದಕ್ಕ ಕಾಲು ಬೇಕು. ಹಾರೂ ಬಂಡಿಗೆ ಬೆರಳಿದ್ರ ಸಾಕು."

ವಾರದ ರಜೆಯ ದಿನ ಗಂಗಾವತಿಗೆ ಹೋದ. ವಿರುಪಾಕ್ಷಿ ಈಗ ಚಾರ್ಜರ್, ಇಯರ್‌ಫೋನ್ ಮಾರಿಕೊಂಡಿದ್ದಾನೆ. ಹಳೆಯ ಆಟದ ಪೆಟ್ಟಿಗೆ ಅವನ ಮನೆಯ ಅಟ್ಟದಲ್ಲಿ ಸಿಕ್ಕಿತು. ಕ್ಯಾಸೆಟ್ಟಿನ ಬಾಯಿಗೆ ತುಕ್ಕು. ವಿರುಪಾಕ್ಷಿ ಅದನ್ನು ಉಜ್ಜಿ ಒರೆಸಿ, ವೈರು ಬೆಸೆದು, ಹಚ್ಚಿ ತೋರಿಸಿದ. "ಒಯ್ಯೋ ಮಾರಾಯ. ನೀ ಬಿಟ್ಟ ಮ್ಯಾಲೆ ಇದನ್ನ ಸರಿಯಾಗಿ ಓಡ್ಸಾವರ ಸಿಗಲಿಲ್ಲ," ಎಂದನಂತೆ. ಈ ಮಾತನ್ನು ಗಾಳೇಶ ನನಗೆ ಎರಡೆರಡು ಸಲ ಹೇಳಿದ.

ಮನೆಗೆ ಒಯ್ದ, ಆದರೆ ಹಚ್ಚಲಿಲ್ಲ. ಆಯುಧ ಪೂಜೆಗೆ ಇನ್ನು ಕೆಲವೇ ದಿನವಿತ್ತು. ಪೂಜೆ ಮಾಡದೆ ಗಾಡಿ ರಸ್ತೆಗೆ ಇಳಿಸಬಾರದು ಎಂದು ಅವನ ಹಟ.

ನಮ್ಮ ಗಿಣಿಗೇರಾದಲ್ಲಿ ಆ ದಿನ ಲಾರಿಗಳೆಲ್ಲ ಮದುಮಕ್ಕಳಾಗುತ್ತವೆ. ಮೂತಿಗೆ ಬಾಳೆಕಂದು, ಚೆಂಡುಹೂವು. ಕಾರ್ಖಾನೆಯ ಕಂಬಕ್ಕೂ ಹೂವು ಸುತ್ತಿದ್ದರು. ಸೂಪರ್‌ವೈಸರ್ ಶರಣಬಸವ ತೆಂಗಿನಕಾಯಿ ಹಿಡಿದು ಬಂದ.

"ಬಾ ಗಾಳೇಶಣ್ಣ, ಒಡಿ. ಪ್ರತಿ ವರ್ಷಾ ನಿನ್ನ ಕೈಯಾಂದ ಅಲ್ಲೇನು ಗೇಟಿನ ಕಾಯಿ?"

"ಈ ವರ್ಷ ನೀವ ಒಡೀರಿ ಸಾಹೇಬ್ರ. ನನ್ನ ಗಾಡಿ ಮನ್ಯಾಗ ಐತಿ."

"ಗಾಡಿ ಯಾವಾಗ ತಗೊಂಡಿ? ಪೇಡೆನ ಕೊಟ್ಟಿಲ್ಲಲ್ಲ."

ಕೂಡಿದವರು ನಕ್ಕರು. ಗಾಳೇಶನೂ ನಕ್ಕ. ಅಂಥ ನಗೆಯನ್ನು ಅವನ ಮುಖದಲ್ಲಿ ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ.

ಮಧ್ಯಾಹ್ನ ನನ್ನನ್ನೂ ಮನೆಗೆ ಕರೆದ. ಅಮೃತಾಳ ಹೊಲಿಗೆ ಮಷೀನಿನ ಪಕ್ಕದಲ್ಲಿ ಮಣೆ ಹಾಕಿ ಆಟದ ಪೆಟ್ಟಿಗೆ ಇಟ್ಟಿದ್ದರು. ವಿಭೂತಿ, ಕುಂಕುಮ ಹಚ್ಚಿ ಗಾಳೇಶ ಹೂವೇರಿಸಿದ. ಅಮೃತಾ ನಿಂಬೆಹಣ್ಣು ಹಿಡಿದು ನಿಂತಳು.

"ಗಾಲಿ ಇಲ್ಲದ ಗಾಡಿಗೆ ಇದನ್ನ ಎಲ್ಲಿ ಇಡ್ಲಿರಿ?"

"ಆಟದ ರಿಮೋಟಿನ ಮುಂದ ಇಡು."

ಅವಳು ಗಂಡನ ಮುಖ ನೋಡಿ ಅಲ್ಲಿಯೇ ಇಟ್ಟಳು. ಸಹನಾ ಬಾಗಿಲಿಗೆ ಒರಗಿ ನಿಂತಿದ್ದಳು. ಗಾಳೇಶ ಅವಳನ್ನು ಕರೆದು, "ಇಲ್ಲೆ ಬಾಜೂಕ ಕುಂದ್ರು, ಕ್ಲೀನರ್ ಸೀಟಿನ್ಯಾಗ," ಎಂದು ಹೊರಸಿನ ಮೇಲೆ ಕೂರಿಸಿಕೊಂಡ. ಮನೆಯಲ್ಲಿ ಅವನು ಕೃತಕ ಕಾಲು ತೆಗೆದಿಟ್ಟಿರುತ್ತಾನೆ. ಲುಂಗಿಯ ಬಲಮಗ್ಗುಲು ತೊಡೆಯಾಚೆ ಜೋಲಾಡುತ್ತಿತ್ತು.

ಟಿವಿಯಲ್ಲಿ ರಸ್ತೆ ಮೂಡಿತು. ಕೆಂಪು ಟೊಪ್ಪಿಗೆಯವ ತನ್ನ ಬಂಡಿಯಲ್ಲಿ ಕೂತಿದ್ದ. ಗಾಳೇಶ ಕೈ ಮುಗಿದು ಗುಂಡಿ ಒತ್ತಿದ.

ಮೊದಲ ನೆಟ್ಟನೆಯ ರಸ್ತೆಯಲ್ಲಿ ಅವನೇ ಮುಂದಿದ್ದ. ತಿರುವು ಬಂತು. ಬೆರಳು ಸಾವಕಾಶವಾಯಿತು. ಬಂಡಿ ಅಂಚು ದಾಟಿ ಪಾತಾಳಕ್ಕೆ ಬಿತ್ತು. "ಕೈ ಮರತೈತಿ, ತಡಿ," ಎಂದು ಮತ್ತೆ ಶುರು ಮಾಡಿದ. ಮತ್ತೆ ಅದೇ ತಿರುವು, ಅದೇ ಪಾತಾಳ. ಮುಂದಿನ ಸಲ ಆ ತಿರುವನ್ನು ದಾಟಿದ, ಮುಂದಿನದರಲ್ಲಿ ಬಿದ್ದ. ರಸ್ತೆ ಅವನಿಗೆ ನೆನಪಿತ್ತು. "ಈಗ ಎಡಕ್ಕ, ಈಗ ಬಲಕ್ಕ," ಎಂದು ಬಾಯಿಂದ ಹೇಳುತ್ತಲೇ ಇದ್ದ. ಹೇಳಿದ್ದು ಬೆರಳಿಗೆ ಮುಟ್ಟುವಷ್ಟರಲ್ಲಿ ಬಂಡಿ ಹೋಗಿಬಿಡುತ್ತಿತ್ತು. ಒಮ್ಮೆ ಹೇಗೋ ಕಡೆತನಕ ಓಡಿಸಿದ. ಎಲ್ಲರಿಗಿಂತ ಹಿಂದೆ ಬಂದ.

ಅವನು ರಿಮೋಟ್ ಕೆಳಗಿಟ್ಟು ಮಗಳ ಕಡೆ ನೋಡಿದ. ಸಹನಾ ತಲೆ ತಗ್ಗಿಸಿ ಕೂತಿದ್ದಳು.

"ಬ್ಯಾಸರ ಬಂತೇನು?" ಎಂದ. "ಆಟ ಹಳೇದಾತು. ನಾನೂ ಹಳೇದಾದೆ. ನಿನ್ನ ಆಟ ಹಚ್ಚಿಗೋ."

ಅವಳು ಒಮ್ಮೆಲೆ ಎದ್ದು ಹಿತ್ತಲಿಗೆ ಹೋದಳು. ಗಾಳೇಶ ಪೆಟ್ಟಿಗೆಯ ವೈರು ಕಿತ್ತು ಸುತ್ತಿದ. ಮರುವಾರ ಅದನ್ನು ವಿರುಪಾಕ್ಷಿಗೆ ಮರಳಿಸಿ ಬಂದ. ಅಂದಿನಿಂದ ಮನೆಯಲ್ಲಿ ಡ್ರೈವರಿಕೆಯ ಸುದ್ದಿ ತೆಗೆಯುವುದನ್ನೇ ಬಿಟ್ಟ. ನನ್ನ ಅಂಗಡಿಗೆ ಬಂದು ಕೂತರೂ ಟೈರಿನ ಮಾತಿಲ್ಲ, ರಸ್ತೆಯ ಮಾತಿಲ್ಲ.

ಸಹನಾ ಈಗ ಕೊಪ್ಪಳಕ್ಕೆ ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಬಸ್ ತಪ್ಪಿ ನನ್ನ ಅಂಗಡಿಯ ನೆರಳಿಗೆ ಬಂದು ನಿಂತಳು. ಕುಶಲ ಕೇಳಿದೆ. ತಾನಾಗಿಯೇ ಆಯುಧ ಪೂಜೆಯ ದಿನದ ಮಾತು ತೆಗೆದಳು.

"ಕಾಕಾ, ಆವತ್ತ ತಾನು ಸೋತೆ ಅಂತ ಅಪ್ಪ ತಿಳಕೊಂಡಾನ. ನಾ ಟಿವಿ ನೋಡಲೇ ಇಲ್ಲ."

"ಮತ್ತ ಏನ ನೋಡಿದಿ?"

"ಪ್ರತಿ ತಿರುವಿಗೂ ಅವನ ಬಲತೊಡಿ ಮ್ಯಾಲ ಏಳ್ತಿತ್ತು. ತಿರುವು ಬರೂಕಿಂತ ಮೊದಲ. ಇಲ್ಲದ ಕಾಲನ್ನ ತಗಿತಿದ್ದ. ಒಂದು ತಿರುವಿಗೂ ತಡಾ ಆಗಲಿಲ್ಲ ಕಾಕಾ. ಬೆರಳಿಗೆ ತಡಾ ಆತು, ಕಾಲಿಗೆ ಆಗಲಿಲ್ಲ. ಅಪ್ಪ ಹೆಂಥಾ ಡ್ರೈವರ್ ಇದ್ದ ಅನ್ನೂದು ನನಗ ಆವತ್ತ ಗೊತ್ತಾತು."

"ಇದನ್ನ ಅವಗ ಹೇಳಬಾರದೇನವಾ ತಾಯಿ?"

"ಹೆಂಗ ಹೇಳ್ಲಿ? ನಿನ್ನ ಆಟ ನೋಡಲಿಲ್ಲ, ಕಾಲಿಲ್ಲದ ಜಾಗಾ ನೋಡ್ಕೋತ ಕುಂತಿದ್ದೆ ಅಂತ ಹೇಳ್ಲ್ಯಾ?"

ಅಷ್ಟರಲ್ಲಿ ಮುಂದಿನ ಬಸ್ ಬಂತು, ಅವಳು ಹತ್ತಿ ಹೋದಳು.

ಅವಳ ಬದಲು ನಾನಾದರೂ ಹೇಳಬೇಕೆಂದು ಸಂಜೆ ಗೇಟಿನ ತನಕ ನಡೆದೆ. ಗಾಳೇಶ ಸ್ಟೂಲು ಬಿಟ್ಟುಕೊಟ್ಟು ತಾನು ಕಂಬಕ್ಕೆ ಆತು ನಿಂತ. ಎಲ್ಲಿಂದ ಮಾತು ಹೂಡಬೇಕೆಂದು ನಾನು ಲೆಕ್ಕ ಹಾಕುತ್ತಿದ್ದಾಗ ಒಂದು ಲಾರಿ ಬಂದು ಹಾರನ್ ಹೊಡೆಯಿತು. ಹೊಸ ಹುಡುಗ, ತಿರುವಿನೊಳಗೇ ಬ್ರೇಕು ಒತ್ತಿ ಟೈರು ಕಿರುಗುಟ್ಟಿಸಿದ್ದ. "ಏ ಗೇಟ್, ಎತ್ತಪಾ ಜಲ್ದಿ," ಎಂದು ಕಿಟಕಿಯಿಂದ ಕೂಗಿದ. ಹಿಂದಾಗಿದ್ದರೆ ಅವನಿಗೆ ತಿರುವಿನ ಪಾಠ ಹೇಳುತ್ತಿದ್ದ ಗಾಳೇಶ ಆ ಟೈರಿನ ಕಡೆ ಕಣ್ಣು ಹೊರಳಿಸಿಯೂ ನೋಡಲಿಲ್ಲ. ಕಂಬ ಎತ್ತಿದ, ಇಳಿಸಿದ, ನನ್ನತ್ತ ತಿರುಗಿ, "ಏನೋ ಹೇಳಾಕ ಬಂದಿದ್ರಿ ಕಾಕಾ," ಎಂದ.

"ಏನಿಲ್ಲಪಾ," ಎಂದೆ. "ಸಂಜಿ ಗಾಳಿಗೆ ಬಂದೆ."